ಉಡದ ಬೆನ್ನು ಹತ್ತಿದ ಮರಕತಾಂಬೆ

ಹೊಸೂರಿನ ಚಂದ್ರಚೂಡೇಶ್ವರ ಬೆಟ್ಟಕ್ಕೆ ಕಾರು ಹೋಗುವ ದಾರಿಯೂ ಇದೆ. ಆದರೂ ಮೆಟ್ಟಿಲು ಹತ್ತಿಯೇ ಹೋಗಬೇಕು. ಸ್ಥಳಪುರಾಣ ನಡೆದದ್ದು ಈ ಬಂಡೆಗಳ ನಡುವೆ. ಹತ್ತುವವರ ಮಾತಿನಲ್ಲಿ ತಮಿಳು, ಕನ್ನಡ, ತೆಲುಗು ಮೂರೂ ಕೇಳುತ್ತವೆ.

ಶಿವ ಇಲ್ಲಿ ಥಳಥಳಿಸುವ ಉಡವಾಗಿ ಕಾಣಿಸಿಕೊಂಡನಂತೆ. ಪಾರ್ವತಿ ಬೆನ್ನು ಹತ್ತಿದಳು. ಬಾಲ ಕೈಗೆ ಸಿಕ್ಕಿದ್ದೇ ತಡ, ಅವಳ ಮೈಯೆಲ್ಲ ಹಸಿರಾಯಿತು. ಮರಕತಾಂಬೆ ಎಂಬ ಹೆಸರು ಬಂದದ್ದು ಹೀಗೆ. ಒಲಿದವನು ಪ್ರಾಣಿಯಾಗುವುದು, ಮುಟ್ಟಿದವಳ ಮೈಬಣ್ಣವೇ ಬದಲಾಗುವುದು! ಪ್ಯಾರಿಸ್‌ನಲ್ಲಿ 1924ರಲ್ಲಿ ಆಂದ್ರೆ ಬ್ರೆಟನ್ ಪ್ರಣಾಳಿಕೆ ಬರೆದು ಸಾರಿದ ಸರ್ರಿಯಲಿಸಂ ಅರಸಿ ಹೊರಟದ್ದೂ ಇಂಥ ಕನಸಿನ ರೂಪಗಳನ್ನೇ.

ಆ ಬಳಗದ ಮ್ಯಾಕ್ಸ್ ಅರ್ನ್ಸ್ಟ್ 1944ರಲ್ಲಿ ಮಾಡಿ, ಆಮೇಲೆ ಕಂಚಿನಲ್ಲಿ ಎರಕ ಹೊಯ್ಸಿದ 'ರಾಣಿಯೊಡನೆ ಆಡುವ ರಾಜ' ಶಿಲ್ಪ ಇಲ್ಲಿ ನೆನಪಾಗುತ್ತದೆ. ಚದುರಂಗದ ಹಲಗೆಯಿಂದ ಮೇಲೆದ್ದ ಕೊಂಬಿನ ರಾಜ; ಅವನ ತೋಳಿನ ಬಳಸಿನಲ್ಲಿ ಪುಟ್ಟ ರಾಣಿ. ಕಾಪಾಡುತ್ತಿದ್ದಾನೋ, ಬಿಡದೆ ಹಿಡಿದಿದ್ದಾನೋ ಹೇಳಲಾಗದು. ಹೊಸೂರಿನ ಕಥೆಯಲ್ಲಿ ಬೆನ್ನಟ್ಟುವವಳು ಹೆಣ್ಣು, ಹಿಡಿದವಳೂ ಅವಳೇ, ಬದಲಾದವಳೂ ಅವಳೇ. ಪ್ರೀತಿಯ ಬಗ್ಗೆ ಇದು ಅರ್ನ್ಸ್ಟ್‌ನ ರಾಜನಿಗಿಂತ ಆಳದ ಮಾತು ಎಂದೇ ನನ್ನ ಎಣಿಕೆ.

ಗರ್ಭಗುಡಿಯ ಲಿಂಗ ಕಲ್ಲಿನದು, ಕದಲದು. ಬೀದಿಗೆ ಇಳಿಯುವುದು ಲೋಹದ ಉತ್ಸವಮೂರ್ತಿ. ತಮಿಳುನಾಡಿನ ಸ್ಥಪತಿಗಳು ಮೊದಲು ಮೇಣದಲ್ಲಿ ಮೂರ್ತಿ ತಿದ್ದಿ, ಮೇಲೆ ಮಣ್ಣು ಮೆತ್ತಿ ಕಾಯಿಸುತ್ತಾರೆ. ಮೇಣ ಕರಗಿ ಹರಿದುಹೋದ ಟೊಳ್ಳಿಗೆ ಕಾದ ಲೋಹ ಎರೆಯುತ್ತಾರೆ. ಅಚ್ಚು ಒಡೆದೇ ಮೂರ್ತಿಯನ್ನು ಹೊರತೆಗೆಯಬೇಕು. ಆದ್ದರಿಂದ ಅಂಥದೇ ಇನ್ನೊಂದು ಹುಟ್ಟುವುದಿಲ್ಲ. ತಿರುವೆಂಕಾಡಿನಲ್ಲಿ ಸಿಕ್ಕ, ಈಗ ಚೆನ್ನೈ ಮ್ಯೂಸಿಯಂನಲ್ಲಿರುವ 11ನೇ ಶತಮಾನದ ಅರ್ಧನಾರೀಶ್ವರ ಈ ಎರಕದ ತುತ್ತತುದಿ. ಒಂದೇ ಕಂಚಿನ ಮೈಯಲ್ಲಿ ಗಂಡಿನ ಭುಜ, ಹೆಣ್ಣಿನ ಸೊಂಟ. ಬೆಸುಗೆ ಎಲ್ಲಿ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಹೊಸೂರಿನ ಕಥೆ ಕೇಳಿದ ಮೇಲೆ ಆ ಮೂರ್ತಿಯನ್ನು ಇನ್ನೊಮ್ಮೆ ನೋಡಬೇಕೆನಿಸುತ್ತದೆ.

ಮೇಲಿನಿಂದ ಊರಿನ ಸೂರುಗಳೂ ರಾಮನಾಯಕ್ಕನ್ ಕೆರೆಯೂ ಕಾಣುತ್ತವೆ. ಬುಡದ ತೇರ್‌ಪೇಟೆಯಲ್ಲಿ ಫಾಲ್ಗುಣದ ಹುಣ್ಣಿಮೆಯ ಆಸುಪಾಸಿಗೆ ತೇರು. ವಿನಾಯಕನಿಗೆ ಒಂದು, ಸ್ವಾಮಿಗೆ ಒಂದು, ಅಮ್ಮನಿಗೇ ಬೇರೊಂದು. ಹಗ್ಗಕ್ಕೆ ಕೈಹಾಕಲು ಕರ್ನಾಟಕ, ಆಂಧ್ರದಿಂದಲೂ ಜನ ಬರುತ್ತಾರೆ.

ಬೆಂಗಳೂರಿನಿಂದ ಸುಮಾರು 40 ಕಿ.ಮೀ. ಹೋದವರು ಸ್ವಾಮಿಯ ದರ್ಶನಕ್ಕೇ ಮುಗಿಸಿ ಇಳಿಯಬೇಡಿ. ಮರಕತಾಂಬೆಯ ಸನ್ನಿಧಿಯಲ್ಲಿ ಒಂದಿಷ್ಟು ಹೊತ್ತು ನಿಲ್ಲಿ.