ಹಳೆಯ ಗರ್ಡರಿಗೆ ಹೊಸ ಮನೆ

ನಮ್ಮ ಕಡೆ ಹಳೆಯ ಮನೆ ಕಳಚುವಾಗ ಪಕ್ಕಾಸು, ಹೆಂಚು ಯಾವುದನ್ನೂ ಎಸೆಯುವ ಕ್ರಮವಿಲ್ಲ. ಅಜ್ಜನ ಮನೆಯ ಹಲಸಿನ ತೊಲೆ ಮೊಮ್ಮಗನ ಮನೆಯನ್ನು ಹೊತ್ತು ನಿಂತ ಉದಾಹರಣೆಗಳು ಬೇಕಾದಷ್ಟಿವೆ. ಮರಕ್ಕೆ ಸಲ್ಲುವ ಈ ನ್ಯಾಯ ಕಬ್ಬಿಣಕ್ಕೂ ಸಲ್ಲಬೇಡವೇ? ಕಳೆದ ರಜೆಯಲ್ಲಿ ಕೊಯಮತ್ತೂರಿಗೆ ಹೋದಾಗ ಇದಕ್ಕೆ ನಮಗೆ ಉತ್ತರ ದೊರೆಯಿತು.

ಕೊಯಮತ್ತೂರು ಗಿರಣಿಗಳ ಊರು. ಮೊದಲ ಬಟ್ಟೆ ಗಿರಣಿ 1888ರಲ್ಲಿ ಆರಂಭವಾಯಿತು. 1930ರ ದಶಕದಲ್ಲಿ ಪೈಕಾರದ ಜಲವಿದ್ಯುತ್ತು ಬಂದ ಮೇಲೆ ಗಿರಣಿಗಳು ಸಾಲುಸಾಲಾಗಿ ಎದ್ದವು. 2009ರಲ್ಲಿ ಪ್ರತ್ಯೇಕ ಜಿಲ್ಲೆಯಾದ ನೆರೆಯ ತಿರುಪ್ಪೂರು ಬನಿಯನ್ ಉದ್ಯಮಕ್ಕೆ ಹೆಸರಾದದ್ದು. ಹಳೆಯ ಗಿರಣಿಗಳಲ್ಲಿ ಹಲವು ಇಂದು ಮುಚ್ಚಿವೆ. ಅಂಥ ಕಟ್ಟಡ ಕಳಚಿದಾಗ ಗರ್ಡರು, ಕಂಬ, ಆಂಗಲ್‌ಗಳು ಗುಜರಿಗೆ ಬಂದು ಕಿಲೋ ಲೆಕ್ಕದಲ್ಲಿ ಮಾರಾಟವಾಗುತ್ತವೆ.

ಈ ಸೀಮೆಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡವಾಡುವ ದೇವಾಂಗ ನೇಕಾರರಿದ್ದಾರೆ. ಅವರಲ್ಲೊಬ್ಬರು ನಮ್ಮ ಸ್ನೇಹಿತರು. ಹಿರಿಯರ ಮನೆಯ ನಡುಗೋಡೆ ತೆಗೆದು, ಮಾಳಿಗೆಯ ಭಾರ ಹೊರಲು ಹಳೆಯ ಗರ್ಡರು ಹಾಕುವ ಯೋಚನೆ ಅವರದು. ಅಂಗಡಿಯಲ್ಲಿ ಹೊಸ ಬಣ್ಣ ಬಳಿದು ಮಿರುಗುತ್ತಿದ್ದ ಒಂದನ್ನು ಆರಿಸಿದರು. ಜತೆಗಿದ್ದ ಇಂಜಿನಿಯರು ಅದರ ತುದಿಯನ್ನು ಕೆರೆದರು. ಬಣ್ಣದಡಿಯಿಂದ ತುಕ್ಕು ಪದರು ಪದರಾಗಿ ಉದುರಿತು. “ಬಣ್ಣ ನೋಡಬೇಡಿ ಅಣ್ಣಾ, ದಪ್ಪ ನೋಡಿ” ಎಂದರು. ಆ ಮಾಳಿಗೆಯಲ್ಲಿ ಮಲಗುವವರು ಸ್ನೇಹಿತರ ಮೊಮ್ಮಕ್ಕಳೆಂಬುದನ್ನು ನೆನೆದು ನಮಗೆ ಮೈ ಜುಮ್ಮೆಂದಿತು.

ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಆದ್ದರಿಂದ ಸವೆದ ಗರ್ಡರೂ ದಪ್ಪವಾಗಿಯೇ ಕಾಣುತ್ತದೆ. ಕೆರೆದ ಮೇಲೆಯೇ ಅಳೆಯಬೇಕು. ಶಾಲೆಯ ಪ್ರಯೋಗಶಾಲೆಯಲ್ಲಿರುವ ವರ್ನಿಯರ್ ಕ್ಯಾಲಿಪರ್ ಇದಕ್ಕೆ ಸಾಕು. ಗೋಡೆಯೊಳಗೆ ಹುದುಗಿದ್ದ ತುದಿಗಳಲ್ಲಿ ತೇವ ನಿಲ್ಲುವುದರಿಂದ ಅಲ್ಲಿ ವಿಶೇಷ ಪರೀಕ್ಷೆ ಅಗತ್ಯ. ಉದ್ದಕ್ಕೂ ದಾರ ಹಿಡಿದರೆ ಡೊಂಕು ತಿಳಿಯುತ್ತದೆ. ಬೆಂಕಿಗೆ ಸಿಕ್ಕಿ ಬಾಗಿದ್ದು ಬೇಡವೇ ಬೇಡ. ಬಹಳ ಹಳೆಯ ಕಂಬಗಳು ಎರಕದ ಕಬ್ಬಿಣದವೂ ಆಗಿರಬಹುದು. ಅವು ಬಾಗದೆ ಸಿಡಿದು ಮುರಿಯುತ್ತವೆ. ಹಳೆಯ ಉಕ್ಕು ಎಲ್ಲವೂ ಬೆಸುಗೆಗೆ ಒಗ್ಗುವುದಿಲ್ಲ. ಪರೀಕ್ಷೆಯಾಗದಿದ್ದರೆ ಬೋಲ್ಟ್ ಜೋಡಣೆಯೇ ಲೇಸು. ಹಿಂದಿನ ಕೆಂಪು ಬಣ್ಣದಲ್ಲಿ ಸೀಸವಿರುವುದುಂಟು. ಅದರ ಧೂಳು, ಹೊಗೆ ವಿಷ. ಮಕ್ಕಳಿರುವಲ್ಲಿ ಕೆರೆಯುವುದಾಗಲಿ ಗ್ಯಾಸಿನಿಂದ ಕತ್ತರಿಸುವುದಾಗಲಿ ಕೂಡದು.

ಇಷ್ಟೆಲ್ಲ ತೊಂದರೆ ಏಕೆಂದು ಕೇಳಬಹುದು. ಅದಿರಿನಿಂದ ಒಂದು ಟನ್ ಉಕ್ಕು ತಯಾರಿಸುವಾಗ ಸುಮಾರು 2 ಟನ್ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಗುಜರಿಯನ್ನು ಕರಗಿಸುವುದಕ್ಕೂ ಸುಮಾರು 1500 ಡಿಗ್ರಿ ಶಾಖ ಬೇಕು. ಇಡೀ ಗರ್ಡರನ್ನೇ ಮತ್ತೆ ಬಳಸಿದರೆ ಕುಲುಮೆಯ ಕೆಲಸವೇ ಇಲ್ಲ.

ಕೊನೆಗೆ ಸ್ನೇಹಿತರು ಕೊಂಡದ್ದು ಮಾಸಿದ, ಆದರೆ ದಪ್ಪ ಕುಂದದ ಇನ್ನೊಂದು ಗರ್ಡರನ್ನು. ಒಂದು ಕಾಲಕ್ಕೆ ಗಿರಣಿಯ ಮಾಡು ಹೊತ್ತದ್ದು ಇಂದು ನೇಕಾರರ ಮನೆ ಹೊತ್ತಿದೆ. ಗುಜರಿಯವನು ತೂಕ ಹೇಳಬಲ್ಲ, ಬಲ ಹೇಳಲಾರ. ಬಲ ಹೇಳುವವರಿಗೆ ಕೊಡುವ ನಾಲ್ಕು ಕಾಸನ್ನು ಉಳಿಸಹೋಗುವುದು ಉಳಿತಾಯವಲ್ಲ.