ಘಾಟಿಯ 57 ಸುರಂಗ, ಜಪಾನಿನ 1,323 ಸೀಟು

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ರೈಲು ಹಳಿ ಸುಮಾರು 55 ಕಿ.ಮೀ. ಅಷ್ಟರೊಳಗೆ 57 ಸುರಂಗ, 109 ಸೇತುವೆ. ಕಿಲೋಮೀಟರಿಗೆ ಒಂದರಂತೆ ಹಂಚಿದರೂ ಎರಡು ಸುರಂಗ ಮಿಗುತ್ತವೆ! ಸ್ವಿಟ್ಜರ್ಲೆಂಡಿನ ಥೂಸಿಸ್‌ನಿಂದ ಆಲ್ಪ್ಸ್ ದಾಟಿ ಇಟಲಿಯ ತಿರಾನೊಗೆ ಇಳಿಯುವ ಹಳಿ 2008ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಅದರ 122 ಕಿ.ಮೀ.ಗೆ ಸುರಂಗ 55, ಸೇತುವೆ 196. ಸುರಂಗದ ಲೆಕ್ಕದಲ್ಲಿ ನಮ್ಮ ಘಾಟಿಯೇ ಮುಂದೆ, ಅದೂ ಅರ್ಧಕ್ಕಿಂತ ಕಡಿಮೆ ದೂರದಲ್ಲಿ.

ಟಿಕೆಟಿನ ಲೆಕ್ಕ ಮಾತ್ರ ತಿರುಗುಮುರುಗು. ಆ ಸ್ವಿಸ್ ಹಳಿಯಲ್ಲಿ ಓಡುವ ಬರ್ನಿನಾ ಎಕ್ಸ್‌ಪ್ರೆಸ್ಸಿನ ಗಾಜಿನ ಬೋಗಿಗೆ ಸೀಟು ಕಾದಿರಿಸಲೇಬೇಕು. ಆದರೆ ಅದೇ ಸೇತುವೆಗಳ ಮೇಲೆ, ಅದೇ ಸುರಂಗಗಳ ಒಳಗೆ ಸಾಮಾನ್ಯ ರೈಲುಗಳೂ ಹಗಲೆಲ್ಲ ಓಡುತ್ತವೆ. ಅವಕ್ಕೆ ಮುಂಗಡ ಬೇಡ; ಆಗಲೇ ಟಿಕೆಟ್ ಕೊಂಡು ಹತ್ತಬಹುದು, ಕಿಟಕಿ ತೆಗೆದು ಫೋಟೊ ಹೊಡೆಯುವವರಿಗೆ ಅವೇ ಇಷ್ಟ.

ಪುತ್ತೂರು, ಸುಳ್ಯ, ಕಡಬದ ಮನೆಗಳಿಂದ ಮಗಳ ಬಾಣಂತನಕ್ಕೋ ಮಗನ ಸಂಸಾರ ನೋಡಲಿಕ್ಕೋ ಹೊರದೇಶಕ್ಕೆ ಹೊರಟ ಅಪ್ಪ ಅಮ್ಮ, "ಅಲ್ಲಿಯ ಟ್ರೈನಿಗೂ ಈಗಲೇ ಬುಕ್ ಮಾಡಬೇಕಾ?" ಎಂದು ಕೇಳಿದರೆ ಆಶ್ಚರ್ಯವಿಲ್ಲ. ಆ ಆತಂಕ ಇಲ್ಲಿಯ ಹಳಿಯೇ ಕಲಿಸಿದ್ದು. ಸುಳ್ಯ ಪೇಟೆಗೆ ರೈಲೇ ಇಲ್ಲ. ಕಬಕ ಪುತ್ತೂರಿಗೋ ನೆಟ್ಟಣದ ಸುಬ್ರಹ್ಮಣ್ಯ ರೋಡಿಗೋ ಬರಬೇಕು. ಸ್ಲೀಪರ್ ಬೋಗಿಯಲ್ಲಿ 72 ಬರ್ತು, ಹೊಸ ನಮೂನೆಯ ಬೋಗಿಯಾದರೆ 80. ಅದರಲ್ಲಿ ಪಾಲು ಕೇಳುವವರು ಬೆಂಗಳೂರಿನಿಂದ ಕಣ್ಣೂರು, ಕಾರವಾರದವರೆಗೆ ಇದ್ದಾರೆ. 120 ದಿನವಿದ್ದ ಮುಂಗಡ ಅವಧಿಯನ್ನು 2024ರ ನವೆಂಬರ್ 1ರಿಂದ 60 ದಿನಕ್ಕೆ ಇಳಿಸಿದ್ದಾರೆ. ಭಾರತ ನೋಡಲು ಬರುವ ವಿದೇಶಿ ಪ್ರವಾಸಿಗೆ ಮಾತ್ರ 365 ದಿನವೇ ಉಳಿದಿದೆ. ಜ್ಯೂರಿಕ್‌ನಿಂದ ಬರುವ ಪ್ರವಾಸಿ ತನ್ನ ಟಿಕೆಟನ್ನು ಒಂದು ವರ್ಷ ಮೊದಲೇ ಕೇಳಬಹುದು, ಕಡಬದವನು ಎರಡು ತಿಂಗಳಿರುವಾಗ ಕೇಳಬೇಕು. 2025ರ ಮೇ 22ರಂದು ಐಆರ್‌ಸಿಟಿಸಿಯಲ್ಲಿ ಒಂದೇ ನಿಮಿಷಕ್ಕೆ 31,814 ಟಿಕೆಟ್ ಬುಕ್ ಆದವು. ಸೆಕೆಂಡಿಗೆ 530! ದೇಶವಿಡೀ ಹೀಗೆ ಮುಗಿಬೀಳುವಾಗ ಹಬ್ಬಕ್ಕೆ ಊರಿಗೆ ಬರುವವರ ಹೆಸರು ವೇಟಿಂಗ್ ಲಿಸ್ಟಿನಲ್ಲಿ ಉಳಿಯದೆ ಇನ್ನೇನಾದೀತು?

ಇನ್ನು ಜಪಾನ್. ಟೋಕಿಯೊದಿಂದ ಒಸಾಕಾದ ಕಡೆಗೆ ಹೋಗುವ ನೊಝೊಮಿ ಬುಲೆಟ್ ರೈಲಿಗೆ 16 ಬೋಗಿ, 1,323 ಸೀಟು. ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ ಇಂಥ 12 ರೈಲು ಹೊರಡುತ್ತವೆ, ಅಂದರೆ ಐದು ನಿಮಿಷಕ್ಕೊಂದು. ಗುಣಿಸಿ ನೋಡಿ: ಒಂದು ಗಂಟೆಗೆ, ಒಂದೇ ದಿಕ್ಕಿಗೆ 15,876 ಸೀಟು. ನಮ್ಮ 72 ಬರ್ತಿನ ಬೋಗಿಗಳು 221 ಬೇಕು ಅಷ್ಟು ಜನಕ್ಕೆ. ಇದು ತಪ್ಪಿದರೆ ಅದು ಎನ್ನುವ ಧೈರ್ಯ ಆ ಸಂಖ್ಯೆಯಿಂದಲೇ ಬರುತ್ತದೆ. ಕಾದಿರಿಸದವರಿಗೂ ಈ ರೈಲಿನಲ್ಲಿ ಬೋಗಿಗಳಿವೆ. ವರ್ಷಾಂತ್ಯ, ಮೇ ತಿಂಗಳ ಆರಂಭದ ರಜೆ, ಆಗಸ್ಟಿನ ಓಬೊನ್ ಹಬ್ಬ, ಈ ಮೂರು ಕಾಲದಲ್ಲಿ ಮಾತ್ರ ನೊಝೊಮಿ ಪೂರ್ತಿ ರಿಸರ್ವ್ಡ್. ಹಪ್ಪಳ, ಉಪ್ಪಿನಕಾಯಿ ತುಂಬಿದ ದೊಡ್ಡ ಸೂಟ್‌ಕೇಸಿದ್ದರೆ ಇನ್ನೊಂದು ಲೆಕ್ಕ: ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂ.ಮೀ. ದಾಟಿದರೆ ಅದಕ್ಕೆ ಜಾಗವಿರುವ ಸೀಟನ್ನೇ ಕಾದಿರಿಸಬೇಕು.

ಫ್ರಾನ್ಸಿನ ಟಿಜಿವಿ, ಸ್ಪೇನಿನ ಎವಿಇ ಬೇರೆ ಜಾತಿ. ಸೀಟಿಲ್ಲದೆ ಹತ್ತುವಂತಿಲ್ಲ, ದಿನ ಹತ್ತಿರವಾದಂತೆ ದರ ಏರುತ್ತದೆ. ಜರ್ಮನಿಯ ವೇಗದ ರೈಲಿನಲ್ಲೂ ಮೊದಲೇ ಕೊಂಡರೆ ಅಗ್ಗ, ಆದರೆ ಆ ಅಗ್ಗದ ಟಿಕೆಟು ಅದೇ ರೈಲಿಗೆ ಕಟ್ಟುಬಿದ್ದಿರುತ್ತದೆ. ವಿಮಾನ ತಡವಾಗಿ ಅದು ತಪ್ಪಿದರೆ ದುಡ್ಡು ಹೋಯಿತು. ಲಕ್ಸೆಂಬರ್ಗಿನಲ್ಲಂತೂ 2020ರ ಫೆಬ್ರವರಿ 29ರಿಂದ ಎರಡನೇ ದರ್ಜೆಗೆ ಟಿಕೆಟೇ ಬೇಡ.

ಹಾಗಾಗಿ ಹೊರಡುವ ಮೊದಲು ಮಕ್ಕಳ ಹತ್ತಿರ ಒಂದೇ ಪ್ರಶ್ನೆ ಕೇಳಿ: ಇದು ತಪ್ಪಿದರೆ ಮುಂದಿನ ರೈಲು ಎಷ್ಟು ಹೊತ್ತಿಗೆ, ಈ ಟಿಕೆಟ್ ಅದಕ್ಕೂ ನಡೆಯುತ್ತದಾ? ನಡೆಯುತ್ತದೆ ಎಂದಾದರೆ ಮುಂಗಡದ ಚಿಂತೆ ಬಿಡಿ. ಫ್ರಾನ್ಸು, ಸ್ಪೇನಿಗೆ ಈಗಲೇ ಮಾಡಿಸಿ. ವಿಮಾನ ಇಳಿಯುವ ದಿನಕ್ಕೆ ಅಗ್ಗದ ಟಿಕೆಟಿನ ಆಸೆ ಬೇಡ. ಮರಳಿ ಬೆಂಗಳೂರಿಗೆ ಬಂದ ಮರುದಿನ ರಾತ್ರಿ ಪುತ್ತೂರಿಗೆ ಹೊರಡುವ ರೈಲಿಗೆ ಮಾತ್ರ, 60 ದಿನ ಮೊದಲು, ಬೆಳಿಗ್ಗೆ 8 ಗಂಟೆಗೆ ಸರಿಯಾಗಿ ಕುಳಿತು ಬುಕ್ ಮಾಡಿ.