ಕಚೇರಿಯ ಶಬ್ದ, ತೋಟದ ಅರ್ಥ

ವಿಜಯಪುರದಲ್ಲಿ 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನು ಕಟ್ಟಲು ಮುಂದಾದ ಫ. ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು, ಇಂಗ್ಲಿಷ್ ಬಲ್ಲವರು. 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದವರೂ ಅವರೇ. ಒಂದು ಭಾಷೆಯನ್ನು ಕಲಿಯಲು ಇನ್ನೊಂದನ್ನು ತೊರೆಯಬೇಕಿಲ್ಲವೆಂಬುದಕ್ಕೆ ಅವರ ಬಾಳೇ ನಿದರ್ಶನ.

ಇಂದು ತಿಕೋಟಾ, ಬಬಲೇಶ್ವರಗಳ ನಮ್ಮ ಮಕ್ಕಳು ನೌಕರಿಗೆ ಸೇರಿದೊಡನೆ ತರಬೇತಿಯಲ್ಲಿ ‘ಟೀಮ್‌ವರ್ಕ್’, ‘ಡೆಲಿಗೇಶನ್’, ‘ಅಕೌಂಟೆಬಿಲಿಟಿ’, ‘ಫೀಡ್‌ಬ್ಯಾಕ್’ ಎಂಬ ಶಬ್ದಗಳನ್ನು ಕೇಳುತ್ತಾರೆ. ಶಬ್ದ ತಿಳಿಯದವರನ್ನು ಕೆಲಸವೂ ತಿಳಿಯದವರೆಂದು ಎಣಿಸುವುದುಂಟು. ಜಾಣ ಮಕ್ಕಳು ಮೂಕರಾಗುವುದು ಇಲ್ಲಿಯೇ.

ಆದರೆ ಈ ಶಬ್ದಗಳ ಅರ್ಥ ಮನೆಯ ದ್ರಾಕ್ಷಿ ತೋಟದಲ್ಲಿಯೇ ಇದೆಯೆಂದು ನಾವು ಹೇಳುತ್ತೇವೆ. ಅಕ್ಟೋಬರ್ ಚಾಟಣಿಯಲ್ಲಿ ಒಬ್ಬರು ಕಡ್ಡಿ ಕತ್ತರಿಸಿದರೆ, ಹಿಂದೆ ಬರುವವರು ಕಣ್ಣುಗಳಿಗೆ ಔಷಧ ಹಚ್ಚುತ್ತಾರೆ. ಒಬ್ಬರು ತಡವಾದರೆ ಇನ್ನೊಬ್ಬರ ಕೈ ನಿಲ್ಲುತ್ತದೆ, ಇದೇ ಟೀಮ್‌ವರ್ಕ್. ಔಷಧ ಸಿಂಪಡಿಸುವ ಕೆಲಸವನ್ನು ಹಿರಿಯ ಮಗನಿಗೆ ಒಪ್ಪಿಸುವುದು ಡೆಲಿಗೇಶನ್. ಬೆಳೆಗೆ ರೋಗ ತಗುಲಿದರೆ ಒಪ್ಪಿಸಿದ ಯಜಮಾನನೇ ಉತ್ತರ ಹೇಳಬೇಕು; ಇದು ಅಕೌಂಟೆಬಿಲಿಟಿ. ಕೆಲಸವನ್ನು ಹಂಚಬಹುದು, ಹೊಣೆಯಿಂದ ನುಣುಚಿಕೊಳ್ಳಲಾಗದು. ನಾಯಕತ್ವದ ತಿರುಳು ಇದೇ. “ಇನ್ನೊಂದು ಕಣ್ಣು ಬಿಟ್ಟು ಕತ್ತರಿಸು” ಎಂದು ತೋರಿಸಿಕೊಡುವುದು ಫೀಡ್‌ಬ್ಯಾಕ್. “ನಿನಗೇನೂ ಬರುವುದಿಲ್ಲ” ಎಂಬುದು ಬರಿಯ ಬೈಗುಳ.

ಪಾಲಕರಲ್ಲಿ ನಮ್ಮ ವಿನಂತಿಯಿಷ್ಟೇ. ರಾತ್ರಿ ಊಟದ ಬಳಿಕ ಮಗನಾಗಲಿ ಮಗಳಾಗಲಿ ಇಂಥ ಎರಡು ಶಬ್ದಗಳಿಗೆ ಮನೆಯ ಕೆಲಸದಿಂದಲೇ ಉದಾಹರಣೆ ಕೊಟ್ಟು ಕನ್ನಡದಲ್ಲಿ ಅರ್ಥ ಹೇಳಲಿ. ಅನಂತರ ಅದನ್ನೇ ಇಂಗ್ಲಿಷಿನಲ್ಲಿ ನುಡಿಯಲಿ. ಬಾಯಿಪಾಠದ ಶಬ್ದ ಪರೀಕ್ಷೆಯವರೆಗೆ ಮಾತ್ರ. ದುಡಿಮೆಯಿಂದ ಅರಿತ ಶಬ್ದ ಬಾಳಿನುದ್ದಕ್ಕೂ ಬರುತ್ತದೆ.